ಮೊದಲ ಟ್ರ್ಯಾಕ್ ಡೇಗೆ ಹೊರಟವರಿಗೆ: ಗಾಡಿ, ಗಾಳಿ, ಬಾವುಟ

ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಒಮ್ಮೆ ಇಳಿದರೆ ಒಂದೊಂದೂ ಒಂದೇ ಸಲ ಸಿಗುತ್ತದೆ. ಅದರಲ್ಲೂ ಎದುರಿಗೆ ಬಸ್ಸು, ಅಂಚಿನಲ್ಲಿ ಮರಳು, ರಸ್ತೆ ನಡುವೆ ಮಂಗ. ಎಲ್ಲಿ ತಪ್ಪಿದೆವು ಎಂದು ಹೊಳೆಯುವಷ್ಟರಲ್ಲಿ ತಿರುವು ಹಿಂದೆ ಉಳಿದಿರುತ್ತದೆ. ಟ್ರ್ಯಾಕ್ ಡೇ ಎಂದರೆ ಬೈಕನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸಿ ಕಲಿಯುವ ದಿನ. ಅಲ್ಲಿ ಒಂದು ತಿರುವು ಒಂದೇ ದಿನದಲ್ಲಿ ಮೂವತ್ತಕ್ಕೂ ಹೆಚ್ಚು ಸಲ ಬರುತ್ತದೆ, ಎದುರಿನಿಂದ ಮಾತ್ರ ಯಾರೂ ಬರುವುದಿಲ್ಲ. ನಾವು ದುಡ್ಡು ಕೊಡುವುದು ಈ ಮರುಕಳಿಕೆಗೆ. ವೇಗಕ್ಕೆಂದು ಬಂದವರು ಮಧ್ಯಾಹ್ನದ ಹೊತ್ತಿಗೆ ಸುಸ್ತಾಗಿ ನೆರಳಲ್ಲಿ ಕೂತಿರುತ್ತಾರೆ, ಇಲ್ಲವೇ ಅವರ ಗಾಡಿ ಪಿಕಪ್ ವಾಹನದ ಮೇಲೆ ಮಲಗಿಕೊಂಡು ವಾಪಸು ಬಂದಿರುತ್ತದೆ.

ಬೆಂಗಳೂರಿನವರಿಗೆ ಹತ್ತಿರದ ದೊಡ್ಡ ಟ್ರ್ಯಾಕ್ ಎಂದರೆ ಚೆನ್ನೈಗೆ ಮುಂಚೆ ಸಿಗುವ ಶ್ರೀಪೆರಂಬದೂರು ಬಳಿಯ ಇರುಂಗಾಟ್ಟುಕೋಟೈ. ಹಳಬರ ಬಾಯಲ್ಲಿ ಅದು ಇನ್ನೂ ಎಂಎಂಆರ್‌ಟಿ (ಮದ್ರಾಸ್ ಮೋಟಾರ್ ರೇಸ್ ಟ್ರ್ಯಾಕ್); ಈಗಿನ ಹೆಸರು ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್. ಸುತ್ತಿನ ಉದ್ದ 3.717 ಕಿಲೋಮೀಟರ್, ತಿರುವುಗಳು 12. ಕೊಯಮತ್ತೂರಿನ ಚೆಟ್ಟಿಪಾಳ್ಯಂನಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇ 2.1 ಕಿಲೋಮೀಟರಿನ ಚಿಕ್ಕ ಟ್ರ್ಯಾಕು. ಮೈಸೂರು, ಚಾಮರಾಜನಗರ ಕಡೆಯವರಿಗೆ ಅದೇ ಹತ್ತಿರ, ಆದರೆ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಇರುವುದನ್ನು ನೆನಪಿಟ್ಟು ಹೊರಡಬೇಕು. ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್ 5.125 ಕಿಲೋಮೀಟರ್ ಉದ್ದದ್ದು. 200 ಸಿಸಿ ಗಾಡಿಗೆ ಅಲ್ಲಿಯ ನೇರ ಹಾದಿ ಮುಗಿಯುವುದೇ ಇಲ್ಲ ಅನ್ನಿಸುತ್ತದೆ. ಮೊದಲ ಅನುಭವಕ್ಕೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಇಲ್ಲಿ ಹೇಳುವುದೆಲ್ಲ ಇರುಂಗಾಟ್ಟುಕೋಟೈಯನ್ನು ಮನಸ್ಸಿನಲ್ಲಿಟ್ಟುಕೊಂಡು, 150ರಿಂದ 400 ಸಿಸಿಯ ಗಾಡಿ ಇರುವವರಿಗೆ.

ಮೊದಲಿಗೆ ಕಾಗದದ ವಿಷಯ. ಟ್ರ್ಯಾಕ್ ಡೇ ಎಂದರೆ ರೇಸ್ ಅಲ್ಲ. ಹಾಗಾಗಿ ದೇಶದ ಮೋಟಾರ್ ಕ್ರೀಡೆಯ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಕೊಡುವ ರೇಸಿಂಗ್ ಲೈಸೆನ್ಸ್ ಬೇಕಿಲ್ಲ, ಮಾಮೂಲಿ ಡ್ರೈವಿಂಗ್ ಲೈಸೆನ್ಸ್ ಸಾಕು. ಸಮಯ ಅಳೆಯುವುದಿಲ್ಲ, ಗೆದ್ದವರು ಸೋತವರು ಇರುವುದಿಲ್ಲ. ಬೆಳಿಗ್ಗೆ ಒಂದು ಮುಚ್ಚಳಿಕೆಗೆ ಸಹಿ ಹಾಕಿಸಿಕೊಳ್ಳುತ್ತಾರೆ: ಏನಾದರೂ ಆದರೆ ಹೊಣೆ ನನ್ನದೇ ಎಂಬ ಅರ್ಥದ್ದು. ಓದಿ ಸಹಿ ಮಾಡಿ. ಇನ್ನೊಂದು ಸಂಗತಿಯನ್ನು ಬಹಳ ಮಂದಿ ಗಾಡಿ ಬಿದ್ದ ಮೇಲೆ ತಿಳಿದುಕೊಳ್ಳುತ್ತಾರೆ. ನಮ್ಮ ಬೈಕ್ ಇನ್ಶೂರೆನ್ಸ್ ಪಾಲಿಸಿಯಲ್ಲಿ ‘ಬಳಕೆಯ ಮಿತಿ’ ಎಂಬ ಸಾಲು ಇರುತ್ತದೆ. ಸಂಘಟಿತ ರೇಸಿಂಗ್, ವೇಗ ಪರೀಕ್ಷೆ ಮುಂತಾದವಕ್ಕೆ ರಕ್ಷಣೆ ಇಲ್ಲ ಎಂದು ಅದರಲ್ಲಿ ಬರೆದಿರುತ್ತದೆ. ಟ್ರ್ಯಾಕ್‌ನಲ್ಲಿ ಬಿದ್ದು ಮುರಿದ ಫೇರಿಂಗ್‌ಗೆ (ಗಾಡಿಯ ಹೊರ ಹೊದಿಕೆಯ ಪ್ಲಾಸ್ಟಿಕ್) ಕ್ಲೇಮ್ ಸಿಗುತ್ತದೆ ಎಂದು ನಂಬಿಕೊಂಡು ಹೋಗಬೇಡಿ. ಒಂದು ಸಾಧಾರಣ ಬೀಳುವಿಕೆಗೆ ಲಿವರ್, ಫುಟ್‌ಪೆಗ್, ಹ್ಯಾಂಡಲ್‌ಬಾರ್, ಒಂದು ಬದಿಯ ಪ್ಲಾಸ್ಟಿಕ್ ಹೋಗುತ್ತದೆ. ಅಷ್ಟು ದುಡ್ಡು ಕೈಯಿಂದ ಹೋದರೂ ಪರವಾಗಿಲ್ಲ ಅನ್ನಿಸಿದರೆ ನಿಮ್ಮ ಗಾಡಿ ಒಯ್ಯಿರಿ. ಇಲ್ಲವಾದರೆ ಬೈಕನ್ನೂ ಕೊಟ್ಟು ಕಲಿಸುವ ರೈಡಿಂಗ್ ಶಾಲೆಗಳಿವೆ. ಮೊದಲ ಸಲಕ್ಕೆ ಅದು ಕೆಟ್ಟ ಆಯ್ಕೆಯೇನಲ್ಲ. ಬುಕ್ ಮಾಡುವಾಗ ಮೂರು ಪ್ರಶ್ನೆ ಕೇಳಿ: ಹೊಸಬರಿಗೆ ಬೇರೆ ಗುಂಪು ಇದೆಯೇ, ಕಲಿಸುವವರು ಜೊತೆಗೆ ಟ್ರ್ಯಾಕಿಗೆ ಇಳಿಯುತ್ತಾರೆಯೇ, ಆಂಬುಲೆನ್ಸ್ ಮತ್ತು ಟ್ರ್ಯಾಕ್ ಬದಿ ನಿಂತು ಬಾವುಟ ತೋರಿಸುವ ಮಾರ್ಷಲ್‌ಗಳು ದಿನಪೂರ್ತಿ ಇರುತ್ತಾರೆಯೇ. ಮೂರನೆಯದಕ್ಕೆ ತಡವರಿಸುವವರ ಹತ್ತಿರ ಹೋಗಬೇಡಿ.

ಚೆನ್ನೈ ಹವೆ ಗೊತ್ತಿರುವುದೇ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು ಮಳೆ, ಏಪ್ರಿಲ್-ಮೇನಲ್ಲಿ ಚರ್ಮದ ಸೂಟಿನೊಳಗೆ ಬೇಯುವ ಬಿಸಿಲು. ಆಯ್ಕೆ ಇದ್ದರೆ ಜನವರಿ, ಫೆಬ್ರುವರಿ ನೋಡಿಕೊಳ್ಳಿ.

ಗಾಡಿಯಿಂದ ತೆಗೆಯಬೇಕಾದದ್ದು

ಟ್ರ್ಯಾಕಿಗೆ ಬಿಡುವ ಮುನ್ನ ಗಾಡಿ ನೋಡುವ ತಪಾಸಣೆಯ ಮೇಜಿನ ಮುಂದೆ ಹೊಸಬರು ಸಿಕ್ಕಿಬೀಳುವುದು ಹೆಚ್ಚಾಗಿ ಇಂಜಿನ್ ದೋಷದಿಂದಲ್ಲ, ಕಳಚದೆ ಬಿಟ್ಟ ಸಾಮಾನಿನಿಂದ. ನಿಯಮಗಳೆಲ್ಲದರ ಹಿಂದೆ ಒಂದೇ ವಿಚಾರ ಇದೆ: ನಿಮ್ಮ ಗಾಡಿಯಿಂದ ಉದುರಿದ್ದು, ಸೋರಿದ್ದು ಹಿಂದೆ ಬರುವವನ ಟೈರಿನ ಕೆಳಗೆ ಹೋಗುತ್ತದೆ.

ಕನ್ನಡಿಗಳನ್ನು ಬಿಚ್ಚಿ. ಹಿಂದೆ ನೋಡುವ ಚಟ ತಪ್ಪಿಸುವುದಕ್ಕೂ ಅದು ಬೇಕು. ಟ್ರ್ಯಾಕ್‌ನಲ್ಲಿ ಹಿಂದಿನವನನ್ನು ಕಾಪಾಡುವುದು ನಿಮ್ಮ ಕೆಲಸವಲ್ಲ; ದಾಟಿ ಹೋಗುವವನೇ ಜಾಗ ನೋಡಿಕೊಂಡು ಹೋಗಬೇಕು. ನಂಬರ್ ಪ್ಲೇಟ್, ಇಂಡಿಕೇಟರ್, ಫೋನ್ ಹೋಲ್ಡರ್, ಹಿಂದಿನ ಕ್ಯಾರಿಯರ್ ಎಲ್ಲವೂ ಹೊರಗೆ. ಸೀರೆ ಗಾರ್ಡ್, ಲೆಗ್ ಗಾರ್ಡ್, ಸೆಂಟರ್ ಸ್ಟ್ಯಾಂಡ್ ಈ ಮೂರನ್ನು ಮನೆಯಲ್ಲೇ ಬಿಚ್ಚಿಟ್ಟು ಬನ್ನಿ. ಇವು ಗಟ್ಟಿ ಕಬ್ಬಿಣ, ಮಡಚುವುದಿಲ್ಲ. ಗಾಡಿ ವಾಲಿದಾಗ ನೆಲಕ್ಕೆ ತಾಗಿದರೆ ಅವೇ ಮೀಟುಗೋಲಿನಂತೆ ಚಕ್ರವನ್ನು ನೆಲದಿಂದ ಎತ್ತಿಬಿಡುತ್ತವೆ. ರಕ್ಷಣೆಗೆಂದು ಹಾಕಿಸಿದ ಲೆಗ್ ಗಾರ್ಡೇ ಬೀಳಿಸುವುದು ಹೀಗೆ. ಫುಟ್‌ಪೆಗ್ ತುದಿಯಲ್ಲಿ ನೇತಾಡುವ ಉದ್ದನೆಯ ಬೋಲ್ಟ್ ಮಾತ್ರ ಬೇರೆ ಜಾತಿ. ಪೆಗ್ ಮೇಲಕ್ಕೆ ಮಡಚುತ್ತದೆ, ಆ ಬೋಲ್ಟು ಮೊದಲು ತಾಗಿ ‘ಇಷ್ಟು ಸಾಕು’ ಎಂದು ಎಚ್ಚರಿಸುತ್ತದೆ. ಹೊಸಬರು ಅದನ್ನು ಉಳಿಸಿಕೊಳ್ಳುವುದೇ ಒಳ್ಳೆಯದು.

ಹೆಡ್‌ಲೈಟ್, ಟೇಲ್‌ಲೈಟ್‌ಗಳ ಗಾಜಿನ ಮೇಲೆ ಇನ್ಸುಲೇಷನ್ ಟೇಪನ್ನು ಅಡ್ಡಡ್ಡ, ಉದ್ದುದ್ದ ಸುತ್ತಬೇಕು. ಒಡೆದರೂ ಚೂರು ಚೆಲ್ಲಬಾರದು. ಇಲ್ಲೊಂದು ತೊಡಕು. 2017ರ ಏಪ್ರಿಲ್ ನಂತರದ ಗಾಡಿಗಳಲ್ಲಿ ಇಂಜಿನ್ ಚಾಲೂ ಆದೊಡನೆ ಹೆಡ್‌ಲೈಟ್ ತಾನೇ ಉರಿಯುತ್ತದೆ, ಆರಿಸುವ ಸ್ವಿಚ್ ಇಲ್ಲ. ಹ್ಯಾಲೋಜನ್ ಬಲ್ಬಾದರೆ ಅದರ ಕಾವಿಗೆ ಟೇಪಿನ ಅಂಟು ಕರಗಿ ಗಾಜಿಗೆ ಮೆತ್ತಿಕೊಳ್ಳುತ್ತದೆ. ಬಲ್ಬಿನ ಕನೆಕ್ಟರ್ ಕಳಚಿ ಆಮೇಲೆ ಟೇಪ್ ಹಚ್ಚಿ. ಫ್ಯೂಸ್ ಕೀಳುವುದಾದರೆ ಅದೇ ಫ್ಯೂಸಿನ ಮೇಲೆ ಬೇರೇನು ನಡೆಯುತ್ತಿದೆ ಎಂದು ನೋಡಿಕೊಳ್ಳಿ. ಬ್ರೇಕ್ ಹಿಡಿದಾಗ ಚಕ್ರ ಬಿಗಿದು ಜಾರದಂತೆ ನೋಡಿಕೊಳ್ಳುವ ಎಬಿಎಸ್ ಅನ್ನು ಮುಟ್ಟಬೇಡಿ. ಎಬಿಎಸ್ ಇದ್ದರೆ ಹೊಸಬನ ಮರ್ಯಾದೆ ಹೋಗುತ್ತದೆ ಎಂಬ ಮಾತು ಪ್ಯಾಡಕ್‌ನಲ್ಲಿ, ಅಂದರೆ ಗಾಡಿಗಳನ್ನು ನಿಲ್ಲಿಸಿಕೊಳ್ಳುವ ಅಂಗಳದಲ್ಲಿ, ಕಿವಿಗೆ ಬೀಳುತ್ತದೆ; ಹಾಗೆ ಹೇಳುವವರು ನಿಮ್ಮ ಫೇರಿಂಗ್‌ಗೆ ದುಡ್ಡು ಕೊಡುವುದಿಲ್ಲ.

ಲಿಕ್ವಿಡ್ ಕೂಲಿಂಗ್ ಇರುವ ಗಾಡಿಯಾದರೆ ಕೂಲೆಂಟ್ ಬಗ್ಗೆ ಮೊದಲೇ ವಿಚಾರಿಸಿ. ಕೂಲೆಂಟ್‌ನಲ್ಲಿರುವ ಗ್ಲೈಕಾಲ್ ಟಾರಿನ ಮೇಲೆ ಚೆಲ್ಲಿದರೆ ಎಣ್ಣೆಯಂತೆ ಜಾರುತ್ತದೆ, ಬೇಗ ಒಣಗುವುದೂ ಇಲ್ಲ. ಅದಕ್ಕೆ ಕೆಲವು ಆಯೋಜಕರು ಕೂಲೆಂಟ್ ಪೂರ್ತಿ ತೆಗೆದು ಡಿಸ್ಟಿಲ್ಡ್ ವಾಟರ್ ತುಂಬಿಸಿ ಬನ್ನಿ ಎನ್ನುತ್ತಾರೆ. ತುಂಬಿಸಿದರೆ ಊರಿಗೆ ಬಂದ ವಾರದೊಳಗೆ ಮತ್ತೆ ಕೂಲೆಂಟ್ ಹಾಕಿಸಬೇಕು. ಬರೀ ನೀರು ಒಳಗೆ ತುಕ್ಕು ಹಿಡಿಸುತ್ತದೆ.

ಬ್ರೇಕು, ಚೈನು, ಗಾಳಿ

ಬ್ರೇಕ್ ಫ್ಲೂಯಿಡ್ ಗಾಳಿಯಲ್ಲಿರುವ ತೇವ ಹೀರಿಕೊಳ್ಳುತ್ತದೆ. ಡಾಟ್ 4 ಹೊಸದಿದ್ದಾಗ ಕುದಿಯುವುದಕ್ಕೆ ಕನಿಷ್ಠ 230 ಡಿಗ್ರಿ ಬೇಕು. ನೀರು ಸೇರಿದ ಮೇಲೆ ಅದು 155 ಡಿಗ್ರಿಯವರೆಗೂ ಇಳಿಯಬಹುದು. ಊರಿನ ಓಡಾಟದಲ್ಲಿ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಟ್ರ್ಯಾಕ್‌ನಲ್ಲಿ ನಿಮಿಷಕ್ಕೆ ನಾಲ್ಕೈದು ಸಲ ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಡಿಸ್ಕಿಗೆ ಪ್ಯಾಡ್ ಒತ್ತುವ ಕ್ಯಾಲಿಪರ್ ಒಳಗಿನ ಫ್ಲೂಯಿಡ್ ಕುದಿದು ಗುಳ್ಳೆಯೇಳುತ್ತದೆ. ಆಗ ಲಿವರ್ ಹಿಡಿಕೆಯವರೆಗೂ ಮೆತ್ತಗೆ ಬಂದುಬಿಡುತ್ತದೆ, ಗಾಡಿ ನಿಲ್ಲುವುದಿಲ್ಲ. ಫ್ಲೂಯಿಡ್ ಬದಲಿಸಿ ವರ್ಷ ಆಗಿದ್ದರೆ ಹೊರಡುವ ಮುನ್ನ ಬದಲಿಸಿ, ಬ್ಲೀಡ್ ಮಾಡಿಸಿ, ಅಂದರೆ ಒಳಗೆ ಸೇರಿದ ಗಾಳಿ ತೆಗೆಸಿ. ಪ್ಯಾಡಿನ ದಪ್ಪ 3 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಹೊಸದು ಹಾಕಿ. ಹೊಸ ಪ್ಯಾಡ್ ಡಿಸ್ಕಿಗೆ ಕೂರುವುದಕ್ಕೆ ನೂರಿನ್ನೂರು ಕಿಲೋಮೀಟರ್ ರಸ್ತೆಯ ಓಟ ಬೇಕು, ಅದನ್ನು ಹಿಂದಿನ ರಾತ್ರಿ ಹಾಕಿಸಬೇಡಿ.

ಚೈನಿನ ಸಡಿಲ ಎಷ್ಟಿರಬೇಕೆಂದು ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಮೇಲಿನ ಸ್ಟಿಕ್ಕರ್ ಅಥವಾ ಕೈಪಿಡಿ ಹೇಳುತ್ತದೆ. ಹೆಚ್ಚಿನ ಗಾಡಿಗಳಿಗೆ 25ರಿಂದ 35 ಮಿಲಿಮೀಟರ್. ಬಿಗಿ ಮಾಡಿದರೆ ಜೋರು ಓಡುತ್ತದೆ ಎಂಬುದು ಭ್ರಮೆ. ಸಸ್ಪೆನ್ಷನ್ ಒತ್ತಿದಾಗ ಬಿಗಿ ಚೈನು ಇನ್ನೂ ಎಳೆದು ಗೇರ್‌ಬಾಕ್ಸಿನ ಬೇರಿಂಗ್ ತಿನ್ನುತ್ತದೆ. ಚೈನ್ ಲ್ಯೂಬನ್ನು ಹಿಂದಿನ ರಾತ್ರಿ ಹಾಕಿ ಒರೆಸಿಬಿಡಿ. ಸೆಷನ್‌ಗೆ, ಅಂದರೆ ಟ್ರ್ಯಾಕಿಗಿಳಿಯುವ ನಿಮ್ಮ ಸರದಿಗೆ, ಐದು ನಿಮಿಷ ಮುಂಚೆ ಹಾಕಿದ್ದು ಹಿಂದಿನ ಟೈರಿನ ಮೇಲೆ ಸಿಡಿಯುತ್ತದೆ. ಆಕ್ಸಿಲರೇಟರ್ ತಿರುಗಿಸಿ ಕೈಬಿಟ್ಟರೆ ಚಟ್ಟನೆ ಹಿಂದಕ್ಕೆ ಬರಬೇಕು, ಹ್ಯಾಂಡಲ್ ಎಡ ಬಲ ಪೂರ್ತಿ ತಿರುಗಿಸಿದರೂ. ತಪಾಸಣೆಯಲ್ಲಿ ಖಂಡಿತ ನೋಡುವ ಸಂಗತಿ ಇದು. ಲಿವರ್ ತುದಿಯ ಗುಂಡು ಮುರಿದಿದ್ದರೆ ಬಿಡುವುದಿಲ್ಲ, ಹ್ಯಾಂಡಲ್ ತುದಿ ತೆರೆದಿದ್ದರೂ ಬಿಡುವುದಿಲ್ಲ. ಬಿದ್ದಾಗ ಅವು ಮೈಯೊಳಗೆ ಚುಚ್ಚುತ್ತವೆ. ಇಂಜಿನ್ ಕೆಳಗೆ ಆಯಿಲ್ ಜಿನುಗಿದ ಕಲೆ ಕಂಡರೆ ದಿನ ಅಲ್ಲಿಗೇ ಮುಗಿಯಿತು.

ಗಾಳಿಯ ವಿಷಯಕ್ಕೆ ತುಸು ಹೊತ್ತು ಕೊಡಬೇಕು, ಯಾಕೆಂದರೆ ಇಲ್ಲಿ ತಪ್ಪುವವರೇ ಹೆಚ್ಚು. ಮೊದಲು ಟೈರಿನ ವಯಸ್ಸು ನೋಡಿ. ಬದಿಯಲ್ಲಿ ನಾಲ್ಕಂಕಿಯ ಮುದ್ರೆ ಇರುತ್ತದೆ; 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗುಂಡಿ ಆಳವಿದ್ದರೂ ಐದು ವರ್ಷ ದಾಟಿದ ರಬ್ಬರ್ ಗಟ್ಟಿಯಾಗಿರುತ್ತದೆ, ಹಿಡಿತ ಕೊಡುವುದಿಲ್ಲ. ಕೈಪಿಡಿ ಮುಂದೆ 29, ಹಿಂದೆ 32 ಪಿಎಸ್‌ಐ ಎನ್ನುತ್ತದೆ ಎಂದಿಟ್ಟುಕೊಳ್ಳಿ. ಬೆಳಿಗ್ಗೆ, ಟೈರ್ ತಣ್ಣಗಿರುವಾಗ, ಎರಡು ಮೂರು ಪಿಎಸ್‌ಐ ಇಳಿಸಿ: ಮುಂದೆ 27, ಹಿಂದೆ 29. ಮೊದಲ ಸೆಷನ್ ಮುಗಿಸಿ ಬಂದೊಡನೆ, ಹೆಲ್ಮೆಟ್ ತೆಗೆಯುವುದಕ್ಕೂ ಮುಂಚೆ ಎಂಬಷ್ಟು ಬೇಗ, ಮತ್ತೆ ಅಳೆಯಿರಿ. ಮೂರು ನಾಲ್ಕು ಪಿಎಸ್‌ಐ ಏರಿದ್ದರೆ ಸರಿಯಾಗಿದೆ. ಆರೇಳು ಏರಿದ್ದರೆ ಟೈರ್ ಮಿತಿಮೀರಿ ಕಾದಿದೆ. ಬೆಳಗಿನ ಗಾಳಿ ತೀರಾ ಕಡಿಮೆಯಾಗಿ ಟೈರಿನ ಗೋಡೆ ಮಡಚಿ ಮಡಚಿ ಕಾದಿರಬಹುದು. ಇನ್ನೂ ಇಳಿಸಿದರೆ ಹಿಡಿತ ಹೆಚ್ಚುತ್ತದೆ ಎಂದು 22ಕ್ಕೆ ಇಳಿಸುವವರಿಗೆ ಆಗುವುದು ಇದೇ. ಜೊತೆಗೆ ಹ್ಯಾಂಡಲ್ ಭಾರವಾಗಿ, ತಿರುವಿನಲ್ಲಿ ಗಾಡಿ ತೇಲಿದಂತಾಗುತ್ತದೆ. ಮಧ್ಯಾಹ್ನ ಟ್ರ್ಯಾಕೇ ಬೆಂದಿರುವುದರಿಂದ ಊಟದ ನಂತರ ಇನ್ನೊಮ್ಮೆ ಅಳೆದು, ಬಿಸಿಯಲ್ಲಿ ಸರಿಹೋದ ಅಂಕಿಗೆ ತಂದುಕೊಳ್ಳಿ. ಅಂಕಿಗಳನ್ನು ಟ್ಯಾಂಕಿಗೆ ಅಂಟಿಸಿದ ಟೇಪಿನ ಮೇಲೆ ಪೆನ್ನಿನಲ್ಲಿ ಬರೆದಿಡಿ. ಪಂಕ್ಚರ್ ಅಂಗಡಿಯ ಗೇಜು, ಬಂಕಿನ ಗೇಜು, ನಿಮ್ಮ ಗೇಜು ಮೂರೂ ಮೂರು ಅಂಕಿ ತೋರಿಸುತ್ತವೆ. ಯಾವುದೋ ಒಂದನ್ನೇ ದಿನವಿಡೀ ಬಳಸಿ.

ಸಸ್ಪೆನ್ಷನ್ ತಿರುಗಿಸಲು ಹೋಗಬೇಡಿ. ಹೊಸಬರ ತೊಂದರೆ ಸ್ಪ್ರಿಂಗಿನಲ್ಲಿರುವುದಿಲ್ಲ.

ಮೈಮೇಲೆ

ಫುಲ್‌ಫೇಸ್ ಹೆಲ್ಮೆಟ್, ಒಮ್ಮೆಯೂ ಕೈಜಾರಿ ಬೀಳದೆ ಇದ್ದದ್ದು. ಎರಡು ಉಂಗುರದ ಪಟ್ಟಿ ಇರುವುದನ್ನೇ ಹೆಚ್ಚಿನವರು ಕೇಳುತ್ತಾರೆ. ಗಲ್ಲದ ಭಾಗ ಮೇಲಕ್ಕೆ ತೆರೆಯುವ ಹೆಲ್ಮೆಟ್ ನಡೆಯುವುದಿಲ್ಲ. ಚರ್ಮದ ಒಂದೇ ತುಂಡಿನ ಸೂಟು, ಅಥವಾ ಸೊಂಟದ ಸುತ್ತ ಪೂರ್ತಿ ಜಿಪ್ ಸೇರುವ ಎರಡು ತುಂಡಿನದು. ಜಾಕೆಟ್ ಮತ್ತು ಜೀನ್ಸ್ ಹಾಕಿ ಬಂದರೆ ಜಾರುವಾಗ ಜಾಕೆಟ್ ಮೇಲಕ್ಕೇರಿ ಬೆನ್ನು ನೆಲಕ್ಕೆ ಸಿಗುತ್ತದೆ. ಗ್ಲೌಸ್ ಮಣಿಕಟ್ಟು ದಾಟಿ ಸೂಟಿನ ತೋಳನ್ನು ಮುಚ್ಚಬೇಕು. ಬೂಟು ಹರಡಿನ ಮೂಳೆಗಿಂತ ಮೇಲಕ್ಕಿರಬೇಕು. ಬೆನ್ನಿಗೆ ಸಿಇ ಲೆವೆಲ್ 2 (ಯುರೋಪಿನ ಸುರಕ್ಷತಾ ದರ್ಜೆ) ಪ್ರೊಟೆಕ್ಟರ್. ಸೂಟು ಬಾಡಿಗೆಗೆ ಸಿಗುತ್ತದೆ. ಹಿಂದಿನ ದಿನವೇ ಹಾಕಿ, ಬೈಕ್ ಮೇಲೆ ಕುಳಿತ ಭಂಗಿಯಲ್ಲಿ ನೋಡಿ. ನಿಂತಾಗ ಬಿಗಿಯಾಗಿ, ತುಸು ಗೂನು ಬರುವಂತೆ ಇದ್ದರೆ ಅದೇ ಅಳತೆ. ನಿಂತಾಗ ಆರಾಮಾಗಿದ್ದ ಸೂಟಿನ ಮೊಣಕಾಲಿನ ಪ್ಯಾಡ್ ಬಿದ್ದಾಗ ಬೇರೆಲ್ಲೋ ಸರಿದಿರುತ್ತದೆ.

ಒಳಗೆ ಹತ್ತಿ ಬನಿಯನ್ ಬೇಡ. ಎರಡನೆಯ ಸೆಷನ್ ಹೊತ್ತಿಗೆ ಬೆವರಲ್ಲಿ ತೊಯ್ದು ಮೈಗಂಟಿ, ಸೂಟು ಏರಿಸುವುದೇ ಒಂದು ಕುಸ್ತಿಯಾಗುತ್ತದೆ. ಬೇಗ ಒಣಗುವ ಬಟ್ಟೆಯ ಉದ್ದ ತೋಳಿನದು ಹಾಕಿ. ದಿನಕ್ಕೆ ನಾಲ್ಕೈದು ಲೀಟರ್ ನೀರು, ನಾಲ್ಕು ಪ್ಯಾಕೆಟ್ ಓಆರ್‌ಎಸ್ ಇಟ್ಟುಕೊಳ್ಳಿ. ಬಾಯಾರಿದ ಮೇಲೆ ಕುಡಿದರೆ ತಡವಾಯಿತು, ಪ್ರತಿ ಸೆಷನ್ ಮುಗಿದಾಗಲೂ ಕುಡಿಯಬೇಕು. ಮಧ್ಯಾಹ್ನಕ್ಕೆ ಮೊಸರನ್ನ, ಬಾಳೆಹಣ್ಣು ಸಾಕು, ಬಿರಿಯಾನಿ ರಾತ್ರಿಗಿರಲಿ.

ಹೊರಡುವುದು

ಬೆಂಗಳೂರಿನಿಂದ ಟ್ರ್ಯಾಕಿಗೆ 300 ಕಿಲೋಮೀಟರಿನ ಆಸುಪಾಸು. ರಾತ್ರಿಯಿಡೀ ಗಾಡಿ ಓಡಿಸಿ, ಬೆಳಿಗ್ಗೆ ಏಳಕ್ಕೆ ಗೇಟಿನ ಮುಂದೆ ನಿಲ್ಲುವ ಯೋಜನೆ ಕೇಳಲು ರೋಮಾಂಚಕ, ಮಾಡಲು ಮೂರ್ಖತನ. ಹಿಂದಿನ ಮಧ್ಯಾಹ್ನ ಹೊರಟು ಶ್ರೀಪೆರಂಬದೂರಿನಲ್ಲಿ ಮಲಗಿ. ಗಾಡಿ ಓಡಿಸಿಕೊಂಡೇ ಹೋಗುವುದಾದರೆ ಬಿದ್ದರೆ ವಾಪಸು ಹೇಗೆ ಎಂಬುದಕ್ಕೂ ಉತ್ತರ ಇಟ್ಟುಕೊಳ್ಳಿ. ಮೂರು ನಾಲ್ಕು ಮಂದಿ ಸೇರಿ ಒಂದು ಟೆಂಪೋ ಮಾಡಿಕೊಂಡರೆ ಗಾಡಿ, ಸಾಮಾನು, ಚಿಂತೆ ಎಲ್ಲ ಅದರಲ್ಲಿ ಹೋಗುತ್ತವೆ. ಕಟ್ಟುವಾಗ ಹಗ್ಗದ ಬದಲು ರ‍್ಯಾಚೆಟ್ ಬೆಲ್ಟ್ ಬಳಸಿ, ಮುಂದಿನ ಫೋರ್ಕ್ ಅರ್ಧದಷ್ಟು ಒತ್ತುವಂತೆ ಎರಡೂ ಬದಿಗೆ ಎಳೆಯಿರಿ. ಸೈಡ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಕಟ್ಟಿದ ಗಾಡಿ ಮೊದಲ ರಸ್ತೆಯುಬ್ಬಿಗೇ ಕುಣಿಯುತ್ತದೆ.

ಚೀಲದಲ್ಲಿ ಇರಬೇಕಾದ್ದು: ಒಂದೊಂದು ಜೊತೆ ಬ್ರೇಕ್ ಮತ್ತು ಕ್ಲಚ್ ಲಿವರ್, ಗೇರ್ ಪೆಡಲ್, ಕ್ಲಚ್ ಕೇಬಲ್, ಬಲ ಬದಿಯ ಫುಟ್‌ಪೆಗ್, 8, 10, 12ರ ಟಿ-ಸ್ಪ್ಯಾನರ್, ಅಲೆನ್ ಕೀ ಸೆಟ್, ಹಿಂದಿನ ಆಕ್ಸಲ್ ನಟ್ಟಿಗೆ ಹೊಂದುವ ಸ್ಪ್ಯಾನರ್, ಗೇಜು, ಕಾಲಿನ ಪಂಪು, ಎರಡು ಸುರುಳಿ ಟೇಪು, ಜಿಪ್ ಟೈ, ಹಳೆ ಬಟ್ಟೆ, ಮಡಚುವ ಕುರ್ಚಿ. ಕುರ್ಚಿಯೇ ಎಂದು ನಗಬೇಡಿ, ಸೆಷನ್‌ಗಳ ನಡುವೆ ಕೂತವನೇ ಕೊನೆಯ ಸೆಷನ್ ಚೆನ್ನಾಗಿ ಓಡಿಸುವುದು. ಪೆಟ್ರೋಲ್ ಲೆಕ್ಕ ಹೀಗೆ: ಹೊಸಬರಿಗೆ ಒಂದು ಸುತ್ತಿಗೆ ಎರಡೂವರೆ ನಿಮಿಷ ಹಿಡಿದರೆ 15 ನಿಮಿಷದಲ್ಲಿ ಆರು ಸುತ್ತು, ಅಂದರೆ 22 ಕಿಲೋಮೀಟರ್. ಆರು ಸೆಷನ್‌ಗೆ ಸುಮಾರು 134. ರಸ್ತೆಯಲ್ಲಿ 28-30 ಕೊಡುವ ಗಾಡಿ ಇಲ್ಲಿ ಅದರ ಅರ್ಧಕ್ಕೆ ಇಳಿಯುತ್ತದೆ, ಹಾಗಾಗಿ 9-10 ಲೀಟರ್ ಬೇಕು. ಬೆಳಿಗ್ಗೆ ಟ್ಯಾಂಕ್ ತುಂಬಿಸಿ, ಊಟದ ಹೊತ್ತಿಗೆ ನೋಡಿ. ಪೆಟ್ರೋಲ್ ಮುಗಿದು ಟ್ರ್ಯಾಕ್ ನಡುವೆ ನಿಂತರೆ ನಿಮ್ಮೊಬ್ಬರಿಂದ ಎಲ್ಲರ ಸೆಷನ್ ಕೆಡಬಹುದು.

ಬೆಳಗಿನ ಎರಡು ಗಂಟೆ

ಗೇಟು, ನೋಂದಣಿ, ಸಹಿ, ಗಾಡಿ ತಪಾಸಣೆ, ಸ್ಟಿಕ್ಕರ್, ಆಮೇಲೆ ಬ್ರೀಫಿಂಗ್. ಬ್ರೀಫಿಂಗ್ ತಪ್ಪಿಸಿಕೊಂಡವರನ್ನು ಟ್ರ್ಯಾಕಿಗೆ ಬಿಡುವುದಿಲ್ಲ, ಬಿಡಲೂಬಾರದು. ಸಾಮಾನ್ಯವಾಗಿ ಮೂರು ಗುಂಪು ಮಾಡುತ್ತಾರೆ, ಪ್ರತಿ ಗುಂಪಿಗೆ ಗಂಟೆಗೊಂದು ಸೆಷನ್, 15ರಿಂದ 20 ನಿಮಿಷ. ಯಾವ ಗುಂಪು ಎಂದು ಕೇಳಿದಾಗ ನಂದಿ ಬೆಟ್ಟ ಎಷ್ಟು ಸಲ ಹತ್ತಿದ್ದೀರಿ ಎಂಬುದು ಲೆಕ್ಕಕ್ಕಿಲ್ಲ. ಹೊಸಬರ ಗುಂಪು ಎಂದೇ ಹೇಳಿ. ಮೇಲಿನ ಗುಂಪಿಗೆ ಕಳಿಸುವುದು ಸುಲಭ. ತಪ್ಪು ಗುಂಪಿನಲ್ಲಿ ಸಿಕ್ಕವರು ಇಡೀ ಸೆಷನ್ ಹಿಂದಿನಿಂದ ಬರುವ ಸದ್ದಿಗೆ ಹೆದರುವುದರಲ್ಲೇ ಕಳೆಯುತ್ತಾರೆ.

ಬಾವುಟಗಳನ್ನು ಬಾಯಿಪಾಠ ಮಾಡಿ. ಹಳದಿ ಬೀಸುತ್ತಿದ್ದರೆ ಮುಂದೆ ಅಪಾಯವಿದೆ: ವೇಗ ಇಳಿಸಿ, ಯಾರನ್ನೂ ದಾಟಬೇಡಿ. ಕೆಂಪು ಎಂದರೆ ಸೆಷನ್ ನಿಂತಿತು. ಬ್ರೇಕ್ ಗಕ್ಕನೆ ಒತ್ತದೆ, ಕೈಯೆತ್ತಿ ಹಿಂದಿನವನಿಗೆ ತೋರಿಸಿ, ನಿಧಾನವಾಗಿ ಪಿಟ್‌ಗೆ (ಟ್ರ್ಯಾಕ್ ಪಕ್ಕದಲ್ಲಿ ಗಾಡಿ ನಿಲ್ಲಿಸುವ ಜಾಗ) ಬನ್ನಿ. ಹಳದಿಯ ಮೇಲೆ ಕೆಂಪು ಪಟ್ಟೆ ಇದ್ದರೆ ನೆಲ ಜಾರುತ್ತಿದೆ, ಎಣ್ಣೆಯೋ ನೀರೋ ಚೆಲ್ಲಿದೆ. ಕಪ್ಪಿನ ನಡುವೆ ಕಿತ್ತಳೆ ವೃತ್ತ ತೋರಿಸಿದರೆ ನಿಮ್ಮ ಗಾಡಿಯಲ್ಲೇ ದೋಷ ಕಂಡಿದೆ. ಓಡುವ ಲೈನಿನಿಂದ ಬದಿಗೆ ಸರಿದು, ಬ್ರೀಫಿಂಗಿನಲ್ಲಿ ಹೇಳಿದಂತೆ ಟ್ರ್ಯಾಕ್ ಬಿಡಿ. ಬರೀ ಕಪ್ಪು ಎಂದರೆ ನಿಮ್ಮನ್ನು ಮಾತಾಡಿಸಲು ಕರೆಯುತ್ತಿದ್ದಾರೆ, ಹೊಗಳಲಿಕ್ಕಲ್ಲ. ಚೌಕುಳಿ ಬಾವುಟಕ್ಕೆ ಸೆಷನ್ ಮುಗಿಯುತ್ತದೆ. ಬಾವುಟ ಎಷ್ಟು ಗೊತ್ತಿದ್ದರೂ ಕಣ್ಣು ಟಾರಿಗೇ ಅಂಟಿಕೊಂಡಿದ್ದರೆ ಕಾಣುವುದಿಲ್ಲ. ಮೊದಲ ಸುತ್ತಿನಲ್ಲೇ ಮಾರ್ಷಲ್‌ಗಳು ಎಲ್ಲೆಲ್ಲಿ ನಿಂತಿದ್ದಾರೆ ಎಂದು ಎಣಿಸಿಕೊಳ್ಳಿ.

ದಾಟುವ ನಿಯಮವನ್ನು ಆಯಾ ದಿನ ಹೇಳುತ್ತಾರೆ. ಹೊಸಬರ ಗುಂಪಿನಲ್ಲಿ ಸಾಮಾನ್ಯವಾಗಿ ನೇರ ಹಾದಿಯಲ್ಲಿ ಮಾತ್ರ ಅವಕಾಶ, ತಿರುವಿನ ಒಳಬದಿಯಿಂದ ನುಗ್ಗುವಂತಿಲ್ಲ. ಪಿಟ್‌ನಿಂದ ಹೊರಡುವಾಗ ಬಿಳಿ ಗೆರೆ ಮುಗಿಯುವವರೆಗೆ ಅದನ್ನು ದಾಟಬೇಡಿ. ಒಳಗೆ ಬರುವಾಗ ಹಿಂದಿನ ತಿರುವಿನಲ್ಲೇ ಎಡಗೈ ಎತ್ತಿ, ಇಲ್ಲವೇ ಕಾಲು ಚಾಚಿ ಸನ್ನೆ ಕೊಡಿ. ಸನ್ನೆ ಇಲ್ಲದೆ ನೇರ ಹಾದಿಯಲ್ಲಿ ವೇಗ ಇಳಿಸುವುದು ಎಲ್ಲಕ್ಕಿಂತ ಅಪಾಯದ ತಪ್ಪು.

ಟ್ರ್ಯಾಕ್ ಮೇಲೆ

ಮೊದಲ ಸೆಷನ್ ಕಲಿಸುವವರ ಹಿಂದೆ ಸಾಲಾಗಿ ಹೋಗುವುದು. ಎಷ್ಟು ನಿಧಾನ ಎಂದು ಬೇಸರವಾಗಬಹುದು. ಈ ಹೊತ್ತಿನಲ್ಲಿ ಪ್ರತಿ ತಿರುವಿಗೂ ಮೂರು ಗುರುತು ಹುಡುಕಿ: ಎಲ್ಲಿ ಬ್ರೇಕ್, ಎಲ್ಲಿ ಒಳಕ್ಕೆ ತಿರುಗಿಸುವುದು, ಒಳಗಿನ ಅಂಚಿಗೆ ಎಲ್ಲಿ ಹತ್ತಿರವಾಗುವುದು; ಆ ಕೊನೆಯದನ್ನೇ ಅಪೆಕ್ಸ್ ಎನ್ನುತ್ತಾರೆ. ಗುರುತು ಅಲುಗದ್ದಾಗಿರಬೇಕು: ಟಾರಿನ ತೇಪೆ, ಟ್ರ್ಯಾಕ್ ಅಂಚಿನ ಕರ್ಬಿನ ಬಣ್ಣ ಶುರುವಾಗುವ ಜಾಗ, ದೂರದ ಬೋರ್ಡು. ಕೆಲವು ತಿರುವುಗಳಲ್ಲಿ ಕೋನ್ ಇಟ್ಟಿರುತ್ತಾರೆ. ಮಧ್ಯಾಹ್ನ ಯಾರದ್ದೋ ಮೊಣಕಾಲು ಅವನ್ನು ಹಾರಿಸಿದರೆ ನಿಮ್ಮ ಗುರುತೂ ಹೋಯಿತು, ಆದ್ದರಿಂದ ಕೋನನ್ನೇ ನೆಚ್ಚಿಕೊಳ್ಳಬೇಡಿ.

ರಸ್ತೆಯಲ್ಲಿ ಓಡಿಸಿದವರಿಗೆ ಕಷ್ಟವಾಗುವುದು ಅಗಲ. ವರ್ಷಗಟ್ಟಲೆ ಎಡಬದಿಗೆ ಅಂಟಿಕೊಂಡು ಓಡಿಸಿದ ಅಭ್ಯಾಸಕ್ಕೆ, ಬಲ ತಿರುವಿಗೆ ಮುಂಚೆ ಎಡ ಅಂಚಿನವರೆಗೂ, ಎಡ ತಿರುವಿಗೆ ಮುಂಚೆ ಬಲ ಅಂಚಿನವರೆಗೂ ಹೋಗಬೇಕು ಎಂಬುದು ಕೈಗೆ ಹತ್ತುವುದಿಲ್ಲ. ಹೊಸಬರು ಟ್ರ್ಯಾಕಿನ ನಡುವಿನ ಮೂರನೇ ಒಂದು ಭಾಗವನ್ನೇ ಬಳಸುತ್ತಾರೆ, ಬೇಗ ಒಳಕ್ಕೆ ತಿರುಗಿಸುತ್ತಾರೆ. ಬೇಗ ತಿರುಗಿಸಿದರೆ ಅಪೆಕ್ಸ್ ಬೇಗ ಸಿಗುತ್ತದೆ. ಆದರೆ ಆಗ ಗಾಡಿಯ ಮೂತಿ ಇನ್ನೂ ಹೊರ ಅಂಚಿನ ಕಡೆಗೇ ಇರುತ್ತದೆ, ತಿರುವು ಮುಗಿಯುವಾಗ ಟಾರು ಸಾಲದೆ ಹೋಗುತ್ತದೆ. ಹೊರಗೆ ಹೋದ ಗಾಡಿಗಳ ಕಾರಣ ಹುಡುಕಿದರೆ ವೇಗಕ್ಕಿಂತ ಹೆಚ್ಚಾಗಿ ಇದೇ ಸಿಗುತ್ತದೆ. ಔಷಧಿ ಎಂದರೆ ಅನ್ನಿಸಿದ್ದಕ್ಕಿಂತ ಒಂದು ಗಳಿಗೆ ತಡವಾಗಿ ತಿರುಗಿಸುವುದು, ತಿರುಗಿಸುವ ಮುನ್ನವೇ ಅಪೆಕ್ಸನ್ನು ನೋಡುವುದು, ಅಪೆಕ್ಸ್ ಮುಟ್ಟುವ ಮುನ್ನವೇ ಕಣ್ಣನ್ನು ಹೊರದಾರಿಗೆ ಎತ್ತುವುದು.

ಎರಡನೆಯ ಸೆಷನ್‌ನಲ್ಲಿ ಒಂದು ಅಭ್ಯಾಸ ಮಾಡಿ ನೋಡಿ. ಗೇರ್ ಬದಲಿಸದೆ ಮೂರೋ ನಾಲ್ಕೋ ಒಂದರಲ್ಲೇ ಇಟ್ಟು, ಬ್ರೇಕನ್ನು ಆದಷ್ಟು ಮುಟ್ಟದೆ ಸುತ್ತು ಹೊಡೆಯಿರಿ. ತಿರುವಿಗೆ ಯಾವ ವೇಗದಲ್ಲಿ ಹೊಕ್ಕರೆ ಸರಿ ಎಂದು ಮೈಗೆ ಗೊತ್ತಾಗುತ್ತದೆ. ನೇರದಲ್ಲಿ ಪೂರ್ತಿ ಎಳೆದು ಕೊನೆಗೆ ಹೆದರಿ ಬ್ರೇಕ್ ಹಿಡಿಯುವವರು ತಿರುವಿನೊಳಗೆ ಆಟೋಗಿಂತ ನಿಧಾನವಾಗಿ ಹೋಗುತ್ತಿರುತ್ತಾರೆ.

ಹ್ಯಾಂಡಲ್ ಗಟ್ಟಿ ಹಿಡಿಯಬೇಡಿ. ಮೂರನೆಯ ಸೆಷನ್‌ಗೆ ಮುಂಗೈ ಕಲ್ಲಾಗಿ ಬೆರಳು ಮರಗಟ್ಟುವುದು ಅದರಿಂದಲೇ, ತಿರುವಿನಲ್ಲಿ ಗಾಡಿ ಅಲ್ಲಾಡುವುದೂ ಅದರಿಂದಲೇ. ತೊಡೆಯಿಂದ ಟ್ಯಾಂಕ್ ಒತ್ತಿ ಹಿಡಿದರೆ ಕೈ ಹಗುರಾಗುತ್ತದೆ. ಪಾದದ ಮುಂಭಾಗ ಪೆಗ್ ಮೇಲಿರಲಿ. ರಸ್ತೆಯಲ್ಲಿ ಇಡುವಂತೆ ಪಾದದ ನಡುಭಾಗ ಇಟ್ಟರೆ ವಾಲಿದಾಗ ಬೂಟಿನ ತುದಿ ನೆಲಕ್ಕೆ ಸಿಕ್ಕಿ ಕಾಲು ತಿರುಚುತ್ತದೆ. ಇನ್ನು ಮೊಣಕಾಲು ನೆಲಕ್ಕೆ ತಾಗಿಸುವ ಆಸೆ. ಫೋಟೋಗ್ರಾಫರ್ ಎಲ್ಲಿ ನಿಂತಿದ್ದಾರೋ ಅದೇ ತಿರುವಿನಲ್ಲಿ ಹೊಸಬರು ಹೆಚ್ಚು ಬೀಳುತ್ತಾರೆ ಎಂಬುದು ಪ್ಯಾಡಕ್‌ನ ಹಳೆಯ ತಮಾಷೆ, ಸುಳ್ಳೇನೂ ಅಲ್ಲ.

ತಿರುವಿನ ನಡುವೆ ವೇಗ ಹೆಚ್ಚಾಯಿತು ಅನ್ನಿಸಿದರೆ ಏನು ಮಾಡಬೇಕು? ಆಕ್ಸಿಲರೇಟರ್ ಗಕ್ಕನೆ ಮುಚ್ಚಬೇಡಿ, ಮುಂದಿನ ಬ್ರೇಕನ್ನು ಒಮ್ಮೆಲೇ ಹಿಡಿಯಬೇಡಿ. ಎರಡಕ್ಕೂ ಗಾಡಿ ನೆಟ್ಟಗಾಗಿ ಹೊರಕ್ಕೆ ಓಡುತ್ತದೆ, ಅಥವಾ ಮುಂದಿನ ಚಕ್ರ ಜಾರುತ್ತದೆ. ಎಲ್ಲಿಗೆ ಹೋಗಬೇಕೋ ಅಲ್ಲಿಗೆ ನೋಡಿ, ಇನ್ನೂ ತುಸು ವಾಲಿಸಿ. ಹೊಸಬರು ಹೆದರುವ ಹೊತ್ತಿಗೆ ಟೈರಿನಲ್ಲಿ ಬಹುಪಾಲು ಹಿಡಿತ ಬಾಕಿ ಉಳಿದೇ ಇರುತ್ತದೆ. ಆದರೂ ಹೊರಗೆ ಹೋಗುವುದು ಖಚಿತವಾದರೆ ಟಾರ್ ಮುಗಿಯುವ ಮುನ್ನವೇ ಗಾಡಿಯನ್ನು ನೆಟ್ಟಗೆ ಮಾಡಿ ನೇರವಾಗಿ ಮಣ್ಣಿಗಿಳಿಸಿ. ಮುಂದಿನ ಬ್ರೇಕ್ ಬಿಟ್ಟು, ಹಿಂದಿನದನ್ನು ಮೆಲ್ಲಗೆ ಒತ್ತಿ ನಿಲ್ಲಿಸಿ. ಮಣ್ಣಿನಿಂದ ಒಮ್ಮೆಲೇ ಟಾರಿಗೆ ಏರುವುದು ಬೇಡ. ಮಾರ್ಷಲ್ ಸನ್ನೆ ಮಾಡಿದ ಮೇಲೆ ಅಂಚಿನಲ್ಲೇ ನಿಧಾನಕ್ಕೆ ಬಂದು ಪಿಟ್ ಸೇರಿ, ಟೈರಿನ ಕಲ್ಲು ಮಣ್ಣು ತೆಗೆಯಿರಿ.

ಬಿದ್ದರೆ ಗಾಡಿಯನ್ನು ಬಿಟ್ಟುಬಿಡಿ, ಹ್ಯಾಂಡಲ್ ಹಿಡಿದುಕೊಂಡೇ ಜಾರಬೇಡಿ. ನಿಂತೆವು ಅನ್ನಿಸಿದ ಮೇಲೂ ಮೂರು ಎಣಿಸಿ ಏಳಿ. ಇನ್ನೂ ಜಾರುತ್ತಿರುವಾಗಲೇ ಎದ್ದು ನಿಲ್ಲಲು ಹೋಗಿ ಮಣಿಕಟ್ಟು, ಹರಡು ಮುರಿದುಕೊಳ್ಳುವವರು ಇದ್ದಾರೆ. ಎದ್ದ ಮೇಲೆ ಬರುವ ಗಾಡಿಗಳನ್ನು ನೋಡಿಕೊಂಡು ಟ್ರ್ಯಾಕಿನಿಂದ ದೂರ, ತಡೆಗೋಡೆಯ ಆಚೆಗೆ ಹೋಗಿ. ಗಾಡಿಯ ಹತ್ತಿರ ಓಡುವುದು ಮಾರ್ಷಲ್‌ಗಳ ಕೆಲಸ. ತಲೆಗೆ ಪೆಟ್ಟು ಬಿದ್ದ ಅನುಮಾನ ಇದ್ದರೆ ವೈದ್ಯರು ನೋಡಿದ ಮೇಲೂ ಆ ದಿನ ಮತ್ತೆ ಇಳಿಯಬೇಡಿ. ಆ ಹೆಲ್ಮೆಟ್ಟಿನ ಕೆಲಸವೂ ಮುಗಿಯಿತು.

ಬೀಳುವ ಹೊತ್ತುಗಳೂ ಗೊತ್ತಿರುವವೇ: ಟೈರ್ ಕಾಯುವ ಮುಂಚಿನ ಮೊದಲ ಎರಡು ಸುತ್ತು, ಊಟವಾದ ಮೇಲಿನ ಮೊದಲ ಸೆಷನ್, ದಿನದ ಕೊನೆಯ ಸೆಷನ್. ಕೊನೆಯದರಲ್ಲಿ ಮೈ ಸೋತಿರುತ್ತದೆ, ಧೈರ್ಯ ಮಾತ್ರ ಬೆಳಗಿಗಿಂತ ಹೆಚ್ಚಾಗಿರುತ್ತದೆ. ಒಂದೇ ಸುತ್ತಿನಲ್ಲಿ ಎರಡು ಗುರುತು ತಪ್ಪಿದವೆಂದರೆ ಪಿಟ್‌ಗೆ ಬನ್ನಿ. ಐದು ಸೆಷನ್‌ಗೆ ಸಾಕೆನ್ನಿಸಿದರೆ ಆರನೆಯದನ್ನು ಬಿಟ್ಟರೂ ಯಾರೂ ಏನೂ ಅನ್ನುವುದಿಲ್ಲ.

ವಾಪಸು

ಗಾಡಿಯಲ್ಲೇ ಹೊರಡುವವರು ಆ ರಾತ್ರಿ ಮಲಗಿ ಬೆಳಿಗ್ಗೆ ಹೊರಡಿ. ಹೊರಡುವ ಮುನ್ನ ಟೈರ್ ತಣ್ಣಗಿರುವಾಗ ಕೈಪಿಡಿಯ ಅಂಕಿಗೆ ಗಾಳಿ ತುಂಬಿಸಿ, ಇಳಿಸಿದ ಗಾಳಿಯಲ್ಲೇ ಹೆದ್ದಾರಿ ಓಡಿದರೆ ಟೈರ್ ಬೇಯುತ್ತದೆ. ಆಯಿಲ್ ಮಟ್ಟ, ಪ್ಯಾಡಿನ ದಪ್ಪ, ಚೈನಿನ ಸಡಿಲ ಇನ್ನೊಮ್ಮೆ ನೋಡಿ. ಆಕ್ಸಲ್ ನಟ್ಟು, ಕ್ಯಾಲಿಪರ್ ಬೋಲ್ಟಿಗೆ ಸ್ಪ್ಯಾನರ್ ಇಟ್ಟು ಪರೀಕ್ಷಿಸಿ. ಹೆಡ್‌ಲೈಟಿನ ಕನೆಕ್ಟರ್ ಹಾಕಿ, ಬ್ರೇಕ್‌ಲೈಟಿನ ಮೇಲಿನ ಟೇಪ್ ಕಿತ್ತು, ಕನ್ನಡಿ ಕೂರಿಸಿ. ಮೊದಲ ಐವತ್ತು ಕಿಲೋಮೀಟರ್ ಕನ್ನಡಿ ನೋಡುವ ಅಭ್ಯಾಸ ಮರಳಿ ಬರುವುದಿಲ್ಲ, ಎಡಗಡೆಯಿಂದ ಬಸ್ಸು ದಾಟಿದಾಗ ಬೆಚ್ಚುತ್ತೀರಿ. ನಂಬರ್ ಪ್ಲೇಟನ್ನು ಚೀಲದಲ್ಲೇ ಮರೆತು ಹೊಸೂರು ದಾಟಿದವರಿಗೆ ಅತ್ತಿಬೆಲೆಯಲ್ಲಿ ಪೊಲೀಸರು ನೆನಪು ಮಾಡುತ್ತಾರೆ.